ಪಿಲಿಲುಪಿನಿ ಕೆಳಗಿಳಿದದ್ದು

ತನ್ನ ಮನೆಯಲ್ಲಿ ಮಗು ಹುಟ್ಟಿದರೆ ಅದರ ಸಮಾಚಾರ ಊರಿನವರ ಅಡ್ಡಾದಿಡ್ಡಿ ಮಾತಿನಲ್ಲಿ ಹೊರಡಕೂಡದು, ಒಂದೊಂದು ಪದವೂ ತೂಗಿ ಇಟ್ಟಂತೆ ಖಚಿತವಾಗಿರಬೇಕು ಎಂದು ಅಮನಾಕಿ ಒಂಬತ್ತು ತಿಂಗಳು ಮೊದಲೇ ಪಣ ತೊಟ್ಟಿದ್ದ. ವವಾಊ ದ್ವೀಪದಲ್ಲಿ ಅಂಥ ಪಣ ತೊಡುವ ಯೋಗ್ಯತೆ ಇದ್ದವನು ತಾನೊಬ್ಬನೇ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ವೆನಿಲಾ ಬೆಳೆಯುವವರಿಗೆ ಸಲಹೆ ಕೊಡುವುದು ಅವನ ಉದ್ಯೋಗ. "ಬಳ್ಳಿ ಬುಡ ಕೊಳೀತಾ ಇದೆಯಪ್ಪ" ಎಂದು ಯಾರಾದರೂ ಕಣ್ಣೀರಿಟ್ಟುಕೊಂಡು ಬಂದರೆ, "ಕೊಳೀತಾ ಇಲ್ಲ, ಅದು ಫ್ಯುಸೇರಿಯಂ" ಎಂದು ತಿದ್ದಿ ಕಳಿಸುತ್ತಿದ್ದ. ಬಳ್ಳಿ ಹೇಗೂ ಸಾಯುತ್ತಿತ್ತು. ಆದರೆ ಇಂಗ್ಲಿಷ್ ಹೆಸರು ಹೊತ್ತು ಗೌರವವಾಗಿ ಸಾಯುತ್ತಿತ್ತು.

ಮಂಗಳವಾರ ಮಗು ಹುಟ್ಟಿತು. ಶುಕ್ರವಾರ ಬೆಳಗ್ಗೆ ಹೆಂಡತಿ ಲೋಸಾ ಆಸ್ಪತ್ರೆಯ ಹಾಸಿಗೆಯಿಂದಲೇ ಕೂಗಿದಳು.

"ಅಮನಾಕಿ, ಇಲ್ಲಿ ಬಾ. ಕೂಸು ಯಾಕೋ ಅರಿಸಿನ ಹಚ್ಚಿದ ಹಾಗೆ ಕಾಣ್ತಿದೆ."

ನರ್ಸ್ ಫಿಫಿತಾ ಬಂದು ಮಗುವಿನ ಮೂಗಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದಳು. ಹಿಮ್ಮಡಿ ಚುಚ್ಚಿ ಎರಡು ಹನಿ ರಕ್ತ ತೆಗೆದುಕೊಂಡು ಹೋದಳು. ಒಂದು ಗಂಟೆ ಬಿಟ್ಟು ಚೀಟಿ ಹಿಡಿದು ಬಂದು, "ಬಿಲಿರುಬಿನ್ ಮುನ್ನೂರ ಹತ್ತು. ದೀಪದ ಕೆಳಗೆ ಮಲಗಿಸಬೇಕು" ಎಂದಳು.

ಲೋಸಾ ಕೂಸನ್ನು ಎದೆಗವಚಿಕೊಂಡಳು. ಅಮನಾಕಿಗೂ ಹೆದರಿಕೆಯಾದದ್ದು ನಿಜ. ಆದರೆ ಅದರ ಹಿಂದೆಯೇ ಮತ್ತೇನೋ ಒಂದು ಖುಷಿ ಮೊಳೆಯಿತು. ಎಂಥ ಪದ! ನಾಲ್ಕು ಅಕ್ಷರದ ಮೇಲೆ ಕೊಂಬಿಟ್ಟ ಹಾಗೆ ಒಂದು ಅರ್ಧಾಕ್ಷರ!

"ಅಂದ್ರೆ ಏನು ಸಿಸ್ಟರ್? ಸರಿಯಾಗಿ ಬಿಡಿಸಿ ಹೇಳಿ."

"ಹಳೇ ರಕ್ತ ಒಡೆದಾಗ ಒಂದು ಹಳದಿ ಬಣ್ಣ ಹುಟ್ಕೊಳ್ಳುತ್ತೆ. ಪಿತ್ತಕ್ಕೆ ಆ ಬಣ್ಣ ಬರೋದೇ ಅದರಿಂದ. ನಿನ್ನಂಥವರಲ್ಲಿ ಯಕೃತ್ತು ಅದನ್ನ ಹಿಡಿದು ಹೊರಗೆ ಹಾಕುತ್ತೆ. ಕೂಸಿನ ಯಕೃತ್ತು ಇನ್ನೂ ಕೆಲಸ ಕಲೀತಾ ಇದೆ. ಅದಕ್ಕೇ ಮೈಯಲ್ಲೇ ಉಳ್ಕೊಂಡಿದೆ."

"ಹೊರಗೆ ಅಂದ್ರೆ?"

ಫಿಫಿತಾ ಮೂವತ್ತು ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದವಳು. ಅವಳ ಕಂಠ ಕಡಲಾಚೆಯ ದ್ವೀಪಕ್ಕೂ ಕೇಳುವಂಥದ್ದು.

"ಹೊರಗೆ ಅಂದ್ರೆ ಹೊರಗೆ! ಹೊಟ್ಟೆ ತುಂಬ ಹಾಲು ಕುಡೀಬೇಕು, ಚೆನ್ನಾಗಿ ಕಕ್ಕ ಮಾಡಬೇಕು. ಬಟ್ಟೆ ಒಗೆಯೋನು ನೀನೇ ತಾನೆ? ಇವತ್ತು ಕಪ್ಪಿತ್ತೋ ಹಸಿರಿತ್ತೋ ಹಳದಿಗೆ ತಿರುಗ್ತೋ ಅಂತ ನೋಡಿ ದಿನಾ ನನಗೆ ಹೇಳು."

ವಾರ್ಡಿನಲ್ಲಿ ಇನ್ನೂ ಮೂವರು ಬಾಣಂತಿಯರಿದ್ದರು. ಮೂವರೂ ಅಮನಾಕಿಗೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು, ಎಂದರೆ ಆ ದ್ವೀಪದ ಲೆಕ್ಕದಲ್ಲಿ ಒಡಹುಟ್ಟಿದವರೇ. ಅಕ್ಕತಂಗಿಯರ ಕಿವಿಗೆ ಬೀಳುವಂತೆ ಗಂಡಸು ಹೊಟ್ಟೆಯ ಮಾತಾಡುವುದೇ ತಪ್ಪು; ಹೊಟ್ಟೆಯಿಂದ ಕೆಳಗಿನ ಮಾತಂತೂ ಪ್ರಾಣ ಹೋದರೂ ಇಲ್ಲ. ಮೂವರೂ ಮುಸುಕೆಳೆದುಕೊಂಡರು. ಮುಸುಕು ಕುಲುಕುತ್ತಿತ್ತು. ಅಮನಾಕಿ ಬಾಲ ಮುದುರಿಕೊಂಡು ವರಾಂಡಕ್ಕೆ ಓಡಿದ.

ವರಾಂಡದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಆ ಪದದ ಇನ್ನೊಂದು ಗುಣ ಅವನಿಗೆ ಹೊಳೆಯಿತು. ಅದು ಗಂಭೀರ ಮಾತ್ರವಲ್ಲ, ಶುಭ್ರವೂ ಹೌದು. ಅದೊಂದನ್ನು ಹೇಳಿದರೆ ಪಿತ್ತವನ್ನೂ ಹೇಳಬೇಕಾಗಿಲ್ಲ, ಬಟ್ಟೆಯನ್ನೂ ಹೇಳಬೇಕಾಗಿಲ್ಲ. ಯಾರ ಎದುರಿಗೆ ಬೇಕಾದರೂ, ಅಕ್ಕನ ಎದುರಿಗೂ, ಧೈರ್ಯವಾಗಿ ಆಡಬಹುದು!

ಅಕ್ಕನಿಗೆ ತಿಳಿಸಬೇಕಾದ್ದು ಬಾಕಿಯೇ ಇತ್ತು. ತಲಾಹಿವಾ ಆಕ್ಲೆಂಡಿನಲ್ಲಿದ್ದಳು. ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ಬಾಯಿ ಬಿಡುವ ತನಕ ಮಗು ಬರೀ 'ಕೂಸು'. ಅಪ್ಪನಾದವನು ಮುಂಚಿತವಾಗಿ ಹೆಸರಿಟ್ಟರೆ ಅದು ಅಕ್ಕನ ಕೆನ್ನೆಗೆ ಹೊಡೆದದ್ದಕ್ಕೆ ಸಮ.

ಪೇಟೆಯ ಫೋನ್ ಕಚೇರಿಯಲ್ಲಿ ಮಾತಾಡಲು ಎರಡು ಗೂಡು, ಕರೆ ಜೋಡಿಸಲು ಒಬ್ಬಳು ವಿಕಾ. ತಂತಿ ಜೋಡಿಸಿಕೊಟ್ಟ ಮೇಲೆ ವಿಕಾ ತನ್ನ ಕಿವಿಯ ಫೋನನ್ನು ಕೆಳಗಿಟ್ಟದ್ದನ್ನು ಯಾರೂ ಕಂಡಿದ್ದಿಲ್ಲ.

"ಆಕ್ಲೆಂಡ್ ಸಿಕ್ತು, ಮಾತಾಡಣ್ಣ."

"ಅಕ್ಕಾ! ನಾನು ಅಮನಾಕಿ!"

"ಹೇಳಪ್ಪ. ಹೆರಿಗೆ ಆಯ್ತಾ?"

"ಆಯ್ತು ಆಯ್ತು. ಈಗ ವಿಷಯ ಏನಂದ್ರೆ, ಬಿಲಿರುಬಿನ್ ಮುನ್ನೂರ ಹತ್ತು!"

ತಂತಿಯಲ್ಲಿ ಮೊರೆತ. "ಏನಂದೆ? ಕೇಳಿಸ್ತಿಲ್ಲ."

ಬಕಾರ ರೇಫಗಳೆರಡೂ ಆ ಸೀಮೆಯ ನಾಲಿಗೆಗೆ ಒಗ್ಗದವು. ಆಸ್ಪತ್ರೆಯಿಂದ ಪೇಟೆಯವರೆಗೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಉಚ್ಚಾರಣೆ ಗಾಬರಿಯಲ್ಲಿ ಕಳಚಿಬಿತ್ತು. ಅಮನಾಕಿ ಗಂಟಲು ಹರಿಯುವಂತೆ ಕಿರುಚಿದ.

"ಪಿಲಿಲುಪಿನಿ! ಪಿ-ಲಿ-ಲು-ಪಿ-ನಿ! ಮುನ್ನೂರ ಹತ್ತು! ನೀಲಿ ದೀಪ ಹಾಕಿದ್ದಾರೆ!"

"ಅಯ್ಯೋ ದೇವರೇ. ಅಮನಾಕಿ, ಮಗು ಏ..."

"ಹೆದರಬೇಡಿ ಅಕ್ಕ, ಅಂಕಿ ತಪ್ಪದೆ ತಿಳಿಸ್ತೀನಿ!"

"ಲೋಸಾ ಹೇ..."

"ಸೋಮವಾರ ಹೊಸ ಅಂಕಿ!" ಎಂದು ಫೋನಿಟ್ಟ. ಅಕ್ಕನ ಜೊತೆ ಮಾತು ಚಿಕ್ಕದಾದಷ್ಟೂ ಮರ್ಯಾದೆ ದೊಡ್ಡದು ಎಂಬುದು ಅವನು ಬೆಳೆದ ರೀತಿ. ಖಚಿತವಾಗಿ, ಚೊಕ್ಕವಾಗಿ, ಹೊಲಸಿಲ್ಲದೆ ಮುಗಿಸಿದೆ ಎಂಬ ತೃಪ್ತಿಯಿಂದ ಎದೆಯುಬ್ಬಿಸಿಕೊಂಡು ಮನೆಗೆ ಹೋದ.

ವಿಕಾ ಆವತ್ತು ಒಂದು ಗಂಟೆ ಮೊದಲೇ ಬಾಗಿಲು ಹಾಕಿದಳು. ಹೆಂಗಸರು ಕೂತು ಚಾಪೆ ನೇಯುವ ಚಾವಡಿಗೆ ಅವಳು ಕಾಲಿಟ್ಟಾಗ ಮುಸ್ಸಂಜೆ.

"ಕೇಳಿದ್ರಾ? ಅಮನಾಕಿ ಕೂಸಿಗೆ ತಾನೇ ಹೆಸರಿಟ್ಟುಬಿಟ್ಟಿದ್ದಾನೆ! ಇಟ್ಟು, ಅಕ್ಕನಿಗೆ ಫೋನ್ ಮಾಡಿ ತಿಳಿಸಿದ. ಅದೂ ಕಿರುಚಿ!"

"ಬಿಡ್ತು ಅನ್ನು! ಏನಂತೆ ಹೆಸರು?"

"ಪಿಲಿಲುಪಿನಿ."

ನೇಯುವ ಕೈಗಳು ನಿಂತವು. ಅವರ ಭಾಷೆಯಲ್ಲಿ ಪಿಲಿ ಎಂದರೆ ಹಲ್ಲಿ. ಲುಪೆ ಎಂದರೆ ಪಾರಿವಾಳ. ಅಲ್ಲಿದ್ದವರೆಲ್ಲ ಪದವನ್ನು ಬಿಡಿಸಿ, ಹಿಂಡಿ, ಹಿಗ್ಗಿಸಿ ನೋಡಿದರು.

"ಹಲ್ಲಿ ಪಾರಿವಾಳ? ಇದ್ಯಾವ ಹೆಸರೇ ತಾಯಿ?"

"ನೋವು ಶುರುವಾದಾಗ ಹಲ್ಲಿ ಬಿದ್ದಿರಬೇಕು. ಬಿರುಗಾಳಿ ದಿನ ಹುಟ್ಟಿದೋನಿಗೆ ನಾವು ಬಿರುಗಾಳಿ ಅಂತಲೇ ಹೆಸರಿಡಲಿಲ್ವಾ?"

"ಮುನ್ನೂರ ಹತ್ತು ಅಂತಲೂ ಅಂದ" ಎಂದಳು ವಿಕಾ.

"ಮುನ್ನೂರ ಹತ್ತು ಏನು?"

"ಅದು ಹೇಳಲಿಲ್ಲ."

ಹಿರಿಯಳೊಬ್ಬಳು ಸ್ವಲ್ಪ ಯೋಚಿಸಿ, "ತೂಕ ಅಂತೂ ಆಗಿರಲಾರದು. ಲೋಸಾ ಅಷ್ಟು ದೊಡ್ಡ ಹೆಂಗಸಲ್ಲ" ಎಂದು ತೀರ್ಪು ಕೊಟ್ಟಳು.

ಶನಿವಾರ ಅಮನಾಕಿ ಪಾದ್ರಿ ಇಸಿಲೇಲಿಯವರನ್ನು ಕಂಡು, ಪಿಲಿಲುಪಿನಿ ಇಳಿಯಲೆಂದು ಪ್ರಾರ್ಥನೆ ಮಾಡಿಸಬೇಕೆಂದು ಕೇಳಿಕೊಂಡ. ಅರ್ಥ ಕೇಳಿದರೆ ಅಜ್ಞಾನ ಬಯಲಾಗುತ್ತದೆಂದು ಪಾದ್ರಿಗಳು ಕೇಳಲಿಲ್ಲ. ಅರ್ಥ ಹೇಳಿದರೆ ಹೊಟ್ಟೆಯ ಮಾತು ಬರುತ್ತದೆಂದು ಅಮನಾಕಿ ಹೇಳಲಿಲ್ಲ. ಭಾನುವಾರ ಊರಿಗೆ ಊರೇ ಚರ್ಚಿನಲ್ಲಿ ತಲೆ ಬಾಗಿಸಿ ನಿಂತಾಗ ಪಾದ್ರಿಗಳ ಧ್ವನಿ ಸೂರು ಮುಟ್ಟಿತು.

"ತಂದೆಯೇ, ಎತ್ತರಕ್ಕೆ ಏರಿ ಕುಳಿತಿರುವ ಪಿಲಿಲುಪಿನಿಯನ್ನು ನಿನ್ನ ಕೈಯಾರೆ ಕೆಳಗಿಳಿಸು! ಮೆಲ್ಲಮೆಲ್ಲಗೆ ಇಳಿಸು! ಒಮ್ಮೆಲೇ ಬೀಳಿಸಬೇಡ!"

"ಆಮೆನ್" ಎಂದಿತು ಊರು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಐದು ದಿನದ ಕೂಸು ಎಲ್ಲಿ ಹತ್ತಿಕೊಂಡು ಕೂತಿದೆಯೇ?"

"ಹೆಸರು ಕೇಳಲಿಲ್ವಾ? ಹಲ್ಲಿ. ಗೋಡೆ ಹತ್ತಿರಬೇಕು."

ಆ ಮಧ್ಯಾಹ್ನ ಆಸ್ಪತ್ರೆಗೆ ಬಂದ ಹೆಂಗಸರ ತಂಡ ಲೋಸಾಳ ಮಡಿಲಲ್ಲಿ ಒಂದು ಪುಟ್ಟ ದಿಂಬು ಇಟ್ಟಿತು. ಅಂಚಿಗೆಲ್ಲ ಹೂವು, ನಡುವೆ ಕೆಂಪು ದಾರದಲ್ಲಿ ಕಸೂತಿ ಮಾಡಿದ ಹೆಸರು: ಪಿಲಿಲುಪಿನಿ. ಹೆಸರಿನ ಒಂದು ಬದಿಗೆ ಹಲ್ಲಿ, ಇನ್ನೊಂದು ಬದಿಗೆ ಪಾರಿವಾಳ.

ತಂಡ ಹೋದ ಮೇಲೆ ಲೋಸಾ ಗಂಡನನ್ನು ಕರೆದಳು. ಮಗು ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೈಕಾಲು ಚಾಚಿ ಮಲಗಿತ್ತು.

"ಇದೇನು?"

"ದಿಂಬು" ಎಂದ ಅಮನಾಕಿ. ಓದಿದ. ಇನ್ನೊಮ್ಮೆ ಓದಿದ. ಹಲ್ಲಿ ನೋಡಿದ.

"ಇಡೀ ಊರು ಈ ಕೂಸಿಗೆ ಪಿತ್ತದ ಹೆಸರಿಟ್ಟಿದೆ! ಹಳದಿ ಅನ್ನೋಕೆ ನಿನ್ನ ನಾಲಿಗೆ ಏನು ಸವೆದು ಹೋಗ್ತಿತ್ತಾ?"

"ನಾನು ಖಚಿತವಾಗಿ..."

"ಖಚಿತ ಅಂತೆ ಖಚಿತ! ಹೆಸರು ನೀನೇ ಇಟ್ಟೆ ಅಂತ ಹೇಳ್ಕೊಂಡು ಓಡಾಡ್ತಿದ್ದಾರೆ. ವಿಕಾಗೆ ಹಾಗೆ ಕೇಳಿಸಿದ ಮೇಲೆ ಅಕ್ಕನಿಗೆ ಹೇಗೆ ಕೇಳಿಸಿರಬೇಡ?"

ಅಮನಾಕಿ ಹಾಸಿಗೆಯ ತುದಿಯಲ್ಲಿ ಕುಸಿದು ಕೂತ. ಆ ಹೊತ್ತಿನಲ್ಲಿ ಅವನ ಮುಖ ನೋಡಿದ್ದರೆ ಫಿಫಿತಾ ಅವನ ಹಿಮ್ಮಡಿಗೂ ಸೂಜಿ ಚುಚ್ಚುತ್ತಿದ್ದಳು. ಅಕ್ಕ ಮುನಿದರೆ ಮಗುವಿಗೆ ಹೆಸರಿಲ್ಲ, ದೀಕ್ಷಾಸ್ನಾನವಿಲ್ಲ. ಅವಳು ಒಮ್ಮೆ ಮುಖ ತಿರುಗಿಸಿದಳೆಂದರೆ ಮನೆಯ ಮದುವೆ ಮಸಣ ಯಾವುದಕ್ಕೂ ಕಳೆಯಿಲ್ಲ. ಅಕ್ಕನಿಂದ ಶಾಪ ಹೊತ್ತವನ ಸಂತಾನ ಉದ್ಧಾರವಾಗುವುದಿಲ್ಲವೆಂದು ನಂಬಿದ ಸೀಮೆ ಅದು; ಅಮನಾಕಿ ಎಷ್ಟೇ ಇಂಗ್ಲಿಷ್ ಓದಿದ್ದರೂ ಅದನ್ನು ನಂಬದಷ್ಟು ಓದಿರಲಿಲ್ಲ.

ಸೋಮವಾರ ಬಾಗಿಲು ತೆರೆಯುವ ಮೊದಲೇ ಫೋನ್ ಕಚೇರಿಯ ಮೆಟ್ಟಿಲ ಮೇಲಿದ್ದ.

"ಅಕ್ಕಾ..."

"ಎಷ್ಟಾಗಿದೆ?" ತಲಾಹಿವಾಳ ಧ್ವನಿ ಒಣಗಿತ್ತು.

"ಇನ್ನೂರ ಅರವತ್ತು."

ಆ ಕಡೆ ಉದ್ದಕ್ಕೆ ಉಸಿರು ಬಿಟ್ಟ ಸದ್ದು. "ಸದ್ಯ. ಈಗ ಹೇಳು, ಮಗು..."

"ಅದು ಹೆಸರಲ್ಲ ಅಕ್ಕ! ಮೊದಲು ನನ್ನ ಮಾತು ಕೇಳಿ! ಪಿಲಿಲುಪಿನಿ ಅನ್ನೋದು ಒಂದು ಬಣ್ಣ. ರಕ್ತ ಒಡೆದು ಬರುತ್ತೆ. ಪಿತ್ತಕ್ಕೆ ಸೇರುತ್ತೆ. ಅಲ್ಲಿಂದ... ಅಲ್ಲಿಂದ..."

ಮಾತು ಅಪಾಯದ ಜಾಗಕ್ಕೆ ಬಂದು ನಿಂತಿತು. ಒಂದು ಕಡೆ ಒಡಹುಟ್ಟಿದ ಅಕ್ಕ. ಇನ್ನೊಂದು ಕಡೆ, ತಂತಿಯ ನಡುವೆ ಎಲ್ಲೋ, ಸಂಬಂಧದಲ್ಲಿ ತಂಗಿಯಾಗಬೇಕಾದ ವಿಕಾಳ ಉಸಿರಾಟ.

"ಅಲ್ಲಿಂದ ಹೊರಗೆ ಹೋಗುತ್ತೆ."

"ಹೊರಗೆ ಅಂದ್ರೆ ಎಲ್ಲಿಗಣ್ಣ?" ಎಂದಳು ವಿಕಾ.

"ನೀನು ಬಾಯಿ ಮುಚ್ಕೊಂಡಿರು!" ಎಂದು ಅಮನಾಕಿ ಗುಡುಗಿದ.

ಆ ಗುಡುಗು ಎರಡು ಸಾವಿರ ಕಿಲೋಮೀಟರ್ ಸಮುದ್ರ ದಾಟಿ ಆಕ್ಲೆಂಡನ್ನೂ ಮುಟ್ಟಿತು.

"ಅಮನಾಕಿ," ಎಂದಳು ತಲಾಹಿವಾ, "ನನಗೆ ಬಾಯಿ ಮುಚ್ಚು ಅಂದ್ಯಾ?"

"ನಿಮಗಲ್ಲ ಅಕ್ಕಾ! ವಿಕಾಗೆ! ವಿಕಾ, ನೀನೇ ಹೇಳೇ!"

ವಿಕಾ ಹುಟ್ಟಿದಂದಿನಿಂದ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದಳು.

"ಶುಕ್ರವಾರದ ವಿಮಾನಕ್ಕೆ ಬರ್ತೀನಿ" ಎಂದು ತಲಾಹಿವಾ ಫೋನಿಟ್ಟಳು.

ಆಮೇಲಿನ ನಾಲ್ಕು ದಿನ ಅಮನಾಕಿ ಒಂದು ಕಡೆ ಕೂರಲಿಲ್ಲ. ಬೆಳಗ್ಗೆ ಕೂಸಿನ ಬಟ್ಟೆ ಒಗೆದು ಬಣ್ಣ ಪರೀಕ್ಷೆ. ಫಿಫಿತಾಳ ಕಿವಿಯಲ್ಲಿ "ಇವತ್ತು ಅದು" ಎಂದು ಗಿಡದ ಎಲೆಯ ಬಣ್ಣ ತೋರಿಸಿ ವರದಿ. ಮಧ್ಯಾಹ್ನ ಹಂದಿ ಗೊತ್ತುಮಾಡುವುದು, ಗೆಣಸು ಅಗೆಸುವುದು, ಕ್ಷಮೆ ಬೇಡುವಾಗ ಅಕ್ಕನಿಗೆ ಒಪ್ಪಿಸಬೇಕಾದ ಚಾಪೆ ಹೊಂದಿಸುವುದು. ಉಳಿದ ಹೊತ್ತಿನಲ್ಲಿ ಕ್ಷಮಾಪಣೆಯ ಭಾಷಣ ಬಾಯಿಪಾಠ. ಅರ್ಥ ವಿವರಿಸಲು ವೆನಿಲಾ ರೋಗಗಳ ಹಾಳೆಯೊಂದರ ಬೆನ್ನಿಗೆ ಚಿತ್ರವನ್ನೂ ಬರೆದ. ಒಂದು ಕೆಂಪು ನದಿ, ಅದು ರಕ್ತ. ಒಂದು ಹಳದಿ ಕೆರೆ, ಅದು ಪಿತ್ತ. ಕೆರೆಯ ಕೋಡಿ ಹರಿದು ಸೇರುವಲ್ಲಿ ನೀಲಿ ಬಣ್ಣ ಬಳಿದು 'ಸಮುದ್ರ' ಎಂದು ಬರೆದ. ಇಷ್ಟು ಸಭ್ಯವಾದ ಚಿತ್ರವನ್ನು ಯಾವ ವೈದ್ಯನೂ ಬರೆದಿರಲಾರ.

ಗುರುವಾರ ಅಂಕಿ ನೂರ ಎಪ್ಪತ್ತಕ್ಕೆ ಇಳಿದು ತಾಯಿ ಮಗು ಮನೆಗೆ ಬಂದರು. ಶುಕ್ರವಾರ ತಲಾಹಿವಾ ಬಂದಳು.

ದಪ್ಪ ಮೈ, ನಿಧಾನದ ನಡೆ, ಅಲ್ಲಿನ ಮರ್ಯಾದೆಯ ಉಡುಪಾಗಿ ಸೊಂಟಕ್ಕೆ ಸುತ್ತಿದ ಹಳೆಯ ಚಾಪೆ. ಯಾರ ಕಡೆಗೂ ನೋಡದೆ ಹೊರಕೋಣೆಯ ನಡುವೆ ಬಂದು ಕೂತಳು. ಒಳಕೋಣೆಯಲ್ಲಿ ಪರದೆಯ ಹಿಂದೆ ಬಾಣಂತಿ, ಮಗು. ಅಮನಾಕಿ ಹೊಸ್ತಿಲಾಚೆ ಮಂಡಿಯೂರಿ, ತಲೆ ತಗ್ಗಿಸಿ ಶುರು ಮಾಡಿದ.

"ಅಕ್ಕಾ, ಅಜ್ಞಾನಿಯಾದ ನಾನು, ನಿಮ್ಮ ಪಾದದ ಧೂಳಾದ ನಾನು..."

"ಆ ಕೈಯಲ್ಲಿರೋದು ಏನು?"

ಹಾಳೆ ಒಳಕ್ಕೆ ಜಾರಿತು. ತಲಾಹಿವಾ ಕನ್ನಡಕ ಹಾಕಿಕೊಂಡು ನದಿ ನೋಡಿದಳು, ಕೆರೆ ನೋಡಿದಳು.

"ಇದು ಯಾವ ಸಮುದ್ರ?"

"ಸಮುದ್ರ... ಅಕ್ಕ."

"ಬಿಲಿರುಬಿನ್ ಸಮುದ್ರಕ್ಕೆ ಹೋಗುತ್ತಾ?"

ಬಕಾರವೂ ರೇಫವೂ ಒಂದಿಷ್ಟೂ ಅಲುಗದೆ ಬಂದದ್ದು ಕೇಳಿ ಅಮನಾಕಿ ತಲೆ ಎತ್ತಿದ.

"ಹನ್ನೊಂದು ವರ್ಷದಿಂದ ನಾನು ಆಸ್ಪತ್ರೇಲಿ ಕೂಸುಗಳ ರಕ್ತ ತೆಗೆಯೋಳು. ದಿನಕ್ಕೆ ಇಪ್ಪತ್ತು ಸಲ ಆ ಪದ ಬರೀತೀನಿ. ಅದು ಹೆಸರು ಅಂತ ಅಂದ್ಕೊಳ್ಳೋಕೆ ನಾನೇನು ವಿಕಾನಾ?"

ಅಕ್ಕ ಏನು ಕೆಲಸ ಮಾಡುತ್ತಾಳೆಂದು ಅಮನಾಕಿ ಕೇಳಿದ್ದೇ ಇಲ್ಲ. ಕ್ರಿಸ್‌ಮಸ್ಸಿಗೆ ಡ್ರಮ್ಮಿನಲ್ಲಿ ಬಟ್ಟೆ, ಡಬ್ಬಿ ಮಾಂಸ, ಸೋಪು ಬರುತ್ತಿದ್ದವು. ಡ್ರಮ್ಮಿನಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತಿತ್ತು, ಅಷ್ಟೇ.

"ಹಾಗಾದ್ರೆ ಅಕ್ಕ, ನಿಮಗೆ ಸಿಟ್ಟು..."

"ಮುನ್ನೂರ ಹತ್ತು ಅಂದ್ರೆ ಏನು, ಇನ್ನೂ ಏರಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ಲ. ನನಗೆ ಗೊತ್ತು. ಏರಿದ ಕೂಸುಗಳನ್ನ ನೋಡಿದ್ದೀನಿ. ಶುಕ್ರವಾರದಿಂದ ಸೋಮವಾರದವರೆಗೆ ನನಗೆ ತುತ್ತು ಇಳೀಲಿಲ್ಲ ಕಣೋ." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಅಂಕಿ ಹೇಳಿದೆ. ದೀಪದ ಬಣ್ಣ ಹೇಳಿದೆ. ಬಾಯಿ ತೆಗೆದಾಗಲೆಲ್ಲ ಇನ್ನೊಂದು ಅಂಕಿ ತುರುಕಿದೆ. ಹುಟ್ಟಿದ್ದು ಗಂಡೋ ಹೆಣ್ಣೋ ಹೇಳಿದ್ಯಾ?"

ಅಮನಾಕಿ ಎರಡೂ ಫೋನಿನ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ತಿರುವಿ ಹಾಕಿದ. ಎರಡರಲ್ಲೂ ಅದು ಇರಲಿಲ್ಲ.

"ಲೋಸಾ ಬದುಕಿದ್ದಾಳೋ ಇಲ್ವೋ, ಅದನ್ನಾದ್ರೂ ಹೇಳಿದ್ಯಾ?"

ಪರದೆಯ ಹಿಂದಿನಿಂದ ನಗು ತಡೆಯಲಾರದ ಧ್ವನಿ ಬಂತು.

"ಹೆಣ್ಣು ಅಕ್ಕಾ! ನಾನೂ ಬದುಕಿದ್ದೀನಿ!"

ತಲಾಹಿವಾ ಎದ್ದಳು. ಪರದೆ ಸರಿಸಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗುವಿನ ಮೂಗಿನ ಮೇಲೆ ಬೆರಳೊತ್ತಿ ನೋಡಿದಳು, ಅಂಗಾಲು ನೋಡಿದಳು. ಆಮೇಲೆ ಲೋಸಾಳನ್ನು ತಬ್ಬಿಕೊಂಡು ಅತ್ತದ್ದು, ಅತ್ತು ಮುಗಿಸಿ ಇಬ್ಬರೂ ನಗಲು ಶುರು ಮಾಡಿದ್ದು ಹೊಸ್ತಿಲಲ್ಲಿ ಮಂಡಿಯೂರಿದ್ದವನಿಗೆ ಬರೀ ಸದ್ದಾಗಿ ಕೇಳಿಸಿತು. ಏಳೆಂದು ಯಾರೂ ಹೇಳಲಿಲ್ಲ. ಅವನು ಏಳಲೂ ಇಲ್ಲ. ಕಾಲು ಜೋಮು ಹಿಡಿದ ಮೇಲೆ ತಲಾಹಿವಾ ಮಗುವನ್ನೆತ್ತಿಕೊಂಡು ಹೊರಗೆ ಬಂದಳು.

"ಗಂಡಿಗೊಂದು, ಹೆಣ್ಣಿಗೊಂದು, ಎರಡು ಹೆಸರು ಹೊತ್ಕೊಂಡು ಬಂದಿದ್ದೆ. ಇವಳು ಲೆಸಿಯೆಲಿ. ನಮ್ಮಜ್ಜಿ ಹೆಸರು. ಜೋರಾಗಿ ಹೇಳು ನೋಡೋಣ."

"ಲೆಸಿಯೆಲಿ" ಎಂದ ಅಮನಾಕಿ. ಕಷ್ಟವಿಲ್ಲದ ಹೆಸರು. ಆದರೂ ಇನ್ನೊಮ್ಮೆ ಹೇಳಿ ನೋಡಿದ.

ಭಾನುವಾರ ದೀಕ್ಷಾಸ್ನಾನವಾಯಿತು. ಚರ್ಚಿನ ಅಂಗಳದಲ್ಲಿ ಊಟಕ್ಕೆ ಊರೆಲ್ಲ ಕೂತಿತ್ತು. ಎರಡು ಹಂದಿ, ರಾಶಿ ಗೆಣಸು, ತೆಂಗಿನ ಹಾಲಿನಲ್ಲಿ ಬೆಂದ ಸೊಪ್ಪು. ಹೆಸರು ಕೇಳಿದಾಗಿನಿಂದ ಜನರ ಮುಖದಲ್ಲಿ ಒಂದು ಬಗೆಯ ನಿರಾಸೆ ಇತ್ತು. ಕೊನೆಗೆ ವಿಕಾ ಎಲ್ಲರ ಪರವಾಗಿ ಬಾಯಿ ತೆರೆದಳು.

"ಅಲ್ಲ ಅಕ್ಕ, ಲೆಸಿಯೆಲಿ ಚೆನ್ನಾಗೇ ಇದೆ. ಆದ್ರೆ ಪಿಲಿಲುಪಿನಿ ಕೆಳಗಿಳೀಲಿ ಅಂತ ನಾವೆಲ್ಲ ತಲೆ ಬಾಗಿಸಿ ಬೇಡಿಕೊಂಡ್ವಲ್ಲ, ಅದು ಇಳೀತಾ?"

"ಹೌದು," ಎಂದರು ಪಾದ್ರಿ ಇಸಿಲೇಲಿ, ಕೈಯಲ್ಲಿದ್ದ ಮಾಂಸದ ತುಂಡನ್ನು ಕೆಳಗಿಟ್ಟು. "ಪ್ರಾರ್ಥನೆ ಮಾಡಿದ ನನಗೂ ಅದು ತಿಳಿಯಬೇಕು."

"ಇಳೀತು ಪಾದ್ರಿಗಳೇ, ನಿಮ್ಮ ಪುಣ್ಯ" ಎಂದಳು ತಲಾಹಿವಾ ಗಂಭೀರವಾಗಿ. ಹನ್ನೊಂದು ವರ್ಷ ಪರದೇಶದ ಆಸ್ಪತ್ರೆಯಲ್ಲಿದ್ದು ಅವಳ ನಾಚಿಕೆಯೆಲ್ಲ ಎಂದೋ ಬಿಟ್ಟುಹೋಗಿತ್ತು. "ಇಳಿದು ಎಲ್ಲಿಗೆ ಹೋಯ್ತು, ಯಾವ ದಾರೀಲಿ ಹೋಯ್ತು, ಹೋಗುವಾಗ ಯಾವ ಬಣ್ಣ ಇತ್ತು, ಎಲ್ಲ ನಮ್ಮ ಅಮನಾಕೀನ ಕೇಳಿ. ಬಟ್ಟೆ ಒಗೆದೋನು ಅವನೇ. ಏನೇ ಕೇಳಿದ್ರೂ ಅವನು ಖಚಿತವಾಗಿ ಹೇಳ್ತಾನೆ."

ಊರಿನ ಅಕ್ಕತಂಗಿಯರೆಲ್ಲ ಒಟ್ಟಿಗೆ ಅಮನಾಕಿಯ ಕಡೆ ತಿರುಗಿದರು. ಆ ಹೊತ್ತಿಗೆ ಅವನಿಗೆ ಒಂದೇ ಒಂದು ಇಂಗ್ಲಿಷ್ ಪದವೂ ನೆನಪಿಗೆ ಬರಲಿಲ್ಲ.